‘ಅರ್ಥ ಆಯ್ತಾ?’ ‘ಆಯ್ತು ಸಾ...’

ಮಂಡ್ಯ ಸೀಮೆಯ ಯಾವ ಶಾಲೆಯ ಜಗಲಿಯಲ್ಲಿ ನಡೆದುಹೋದರೂ ಒಂದು ಸದ್ದು ಕಿವಿಗೆ ಬೀಳುತ್ತದೆ. ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಮುಗಿಸುತ್ತಾರೆ, ಕೈಗಂಟಿದ ಚಾಕ್‌ಪೀಸಿನ ಪುಡಿ ಕೊಡವುತ್ತಾರೆ, ಮಕ್ಕಳ ಕಡೆ ತಿರುಗಿ ‘ಅರ್ಥ ಆಯ್ತಾ?’ ಅನ್ನುತ್ತಾರೆ. ‘ಆಯ್ತು ಸಾ...’ ಎಂದು ಇಡೀ ತರಗತಿ ಒಂದೇ ರಾಗದಲ್ಲಿ ಎಳೆಯುತ್ತದೆ. ಮೈಸೂರಿನ ಕುವೆಂಪುನಗರದ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋದರೆ ಪದ ಬದಲಾಗಿ ‘ಯೆಸ್ ಮ್ಯಾಮ್’ ಆಗುತ್ತದೆ, ರಾಗ ಮಾತ್ರ ಅದೇ. ಭಜನೆಯಲ್ಲಿ ಸಾಲು ಗೊತ್ತಿಲ್ಲದವರೂ ಪಲ್ಲವಿ ಬಂದಾಗ ಬಾಯಿ ಕೂಡಿಸುತ್ತಾರಲ್ಲ, ಹಾಗೆ. ಇದರಲ್ಲಿ ಮಕ್ಕಳ ಸುಳ್ಳೇನೂ ಇಲ್ಲ. ಮೇಷ್ಟ್ರಿಗೆ ಯಾವ ಉತ್ತರ ಬೇಕು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿದೆ, ಅದನ್ನು ಮರ್ಯಾದೆಯಿಂದ ಕೊಡುತ್ತಾರೆ. ಆದರೆ ಆ ಒಂದು ಸದ್ದನ್ನು ನಂಬಿ ಮೇಷ್ಟ್ರು ಮುಂದಿನ ಪಾಠಕ್ಕೆ ಹೋಗುತ್ತಾರೆ. ಅಲ್ಲಿಗೆ ಆ ತರಗತಿಯ ಅರ್ಧದಷ್ಟು ಮಕ್ಕಳ ಕಲಿಕೆ ಅಲ್ಲೇ ನಿಂತಿರುತ್ತದೆ.

ಒಳ್ಳೆಯ ಮೇಷ್ಟ್ರು ಅಂದರೆ ನಮ್ಮಲ್ಲಿ ಒಂದು ಚಿತ್ರ ಇದೆ. ಗಟ್ಟಿ ದನಿ, ಕಥೆ ಹೇಳುವ ಚಾಕಚಕ್ಯತೆ, ಮಕ್ಕಳನ್ನು ಕಂಡರೆ ಪ್ರೀತಿ, ಶಿಸ್ತು. ಇವೆಲ್ಲ ಇರಲಿ, ಬೇಡ ಅನ್ನುವವರು ಯಾರು? ಆದರೆ ಇಷ್ಟೆಲ್ಲ ಇದ್ದೂ ಕಲಿಕೆ ಆಗದ ತರಗತಿಗಳಿವೆ. ದನಿ ಏಳದ, ಸಪ್ಪೆ ಅನ್ನಿಸುವ ಮೇಡಂ ಒಬ್ಬರ ತರಗತಿಯಲ್ಲಿ ಮಕ್ಕಳು ಭಾಗಾಕಾರ ಮಾಡಿಕೊಂಡು ಹಾಯಾಗಿರುವುದೂ ಇದೆ. ವ್ಯತ್ಯಾಸ ಸ್ವಭಾವದಲ್ಲಿಲ್ಲ. ನಲವತ್ತು ನಿಮಿಷದ ಅವಧಿಯಲ್ಲಿ ಪ್ರಶ್ನೆ ಯಾರಿಗೆ ಹೋಗುತ್ತದೆ, ಉತ್ತರಕ್ಕೆ ಎಷ್ಟು ಹೊತ್ತು ಕಾಯುತ್ತಾರೆ, ತಪ್ಪು ಉತ್ತರವನ್ನು ಏನು ಮಾಡುತ್ತಾರೆ, ಈ ಮೂರರಲ್ಲಿದೆ.

ಇಪ್ಪತ್ತೆಂಟು ಸ್ಲೇಟು

ಮಳವಳ್ಳಿ ಕಡೆಯ ಒಂದು ಹಿರಿಯ ಪ್ರಾಥಮಿಕ ಶಾಲೆ. ಐದನೇ ತರಗತಿ, ಅವತ್ತು ಹಾಜರಿದ್ದವರು 28. ಪಾಠ ಮೂರಂಕಿ ಸಂಖ್ಯೆಗಳ ವ್ಯವಕಲನ. ಅಂದರೆ ಹಿಂದಿನ ತರಗತಿಗಳಲ್ಲೇ ಮುಗಿದಿರಬೇಕಾದದ್ದನ್ನು ಮತ್ತೊಮ್ಮೆ ತಿರುವಿ ಹಾಕುವ ದಿನ. ಯುವ ಮೇಷ್ಟ್ರು ಬೋರ್ಡಿನ ಮೇಲೆ ಎರಡು ಲೆಕ್ಕ ಚೊಕ್ಕವಾಗಿ ಮಾಡಿ ತೋರಿಸಿದರು. ‘ಅರ್ಥ ಆಯ್ತಾ?’ ‘ಆಯ್ತು ಸಾ...’ ಹಿಂದಿನ ಗೋಡೆಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಹೆಡ್ ಮೇಡಂ ಕೂತಿದ್ದರು. ಅವರು ಎದ್ದು ಬೋರ್ಡಿನ ಮೇಲೆ 402–178 ಎಂದು ಬರೆದರು. ‘ಎಲ್ರೂ ಸ್ಲೇಟಲ್ಲಿ ಉತ್ತರ ಮಾತ್ರ ಬರೀರಪ್ಪ. ದೊಡ್ಡದಾಗಿ. ಬರೆದ್ಮೇಲೆ ಸ್ಲೇಟು ಬೋರಲು ಹಾಕ್ಕೊಳ್ಳಿ. ನಾನು ಎತ್ತಿ ಅಂದಾಗ ಎಲ್ರೂ ಒಟ್ಟಿಗೆ ಎತ್ತಬೇಕು.’ ಎರಡು ನಿಮಿಷ ಬಿಟ್ಟು ‘ಎತ್ತಿ’ ಅಂದರು.

ಹನ್ನೊಂದು ಸ್ಲೇಟಿನಲ್ಲಿ 224 ಇತ್ತು. ಒಂಬತ್ತರಲ್ಲಿ 376. ಐದರಲ್ಲಿ 234. ಮೂರು ಖಾಲಿ. ಆ ಮೂರರಲ್ಲಿ ಒಂದನ್ನು ಹುಡುಗ ಎದೆಗೆ ಒತ್ತಿಕೊಂಡಿದ್ದ.

ಈ ಮೂರು ಸಂಖ್ಯೆಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಮೇಷ್ಟ್ರ ಕಸುಬು ಇರುವುದೇ ಇಲ್ಲಿ. 376 ಬರೆದ ಮಗು ಸೋಮಾರಿಯಲ್ಲ. ಅದು ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ. ಎಂಟರಲ್ಲಿ ಎರಡು ಹೋದರೆ ಆರು, ಏಳರಲ್ಲಿ ಸೊನ್ನೆ ಹೋದರೆ ಏಳು, ನಾಲ್ಕರಲ್ಲಿ ಒಂದು ಹೋದರೆ ಮೂರು. ‘ಚಿಕ್ಕದರಿಂದ ದೊಡ್ಡದನ್ನು ಕಳೆಯೋಕಾಗಲ್ಲ’ ಎಂದು ಎರಡನೇ ತರಗತಿಯಲ್ಲಿ ಯಾರೋ ಹೇಳಿಕೊಟ್ಟದ್ದನ್ನು ಆ ಮಗು ನಿಷ್ಠೆಯಿಂದ ಪಾಲಿಸಿದೆ. ಅದಕ್ಕೆ 402 ಅನ್ನುವುದು ಒಂದು ಸಂಖ್ಯೆಯಲ್ಲ, ಪಕ್ಕಪಕ್ಕದಲ್ಲಿ ನಿಂತ ಮೂರು ಬೇರೆ ಬೇರೆ ಅಂಕಿಗಳು. 234 ಬರೆದ ಮಗುವಿನ ಕಾಯಿಲೆ ಬೇರೆ. ಅದಕ್ಕೆ ಪಕ್ಕದ ಮನೆಯಿಂದ ತರಬೇಕು ಅನ್ನುವುದು ಗೊತ್ತಿದೆ. ಬಿಡಿಯಲ್ಲಿ 12 ಮಾಡಿಕೊಂಡು ಎಂಟು ಕಳೆದು ನಾಲ್ಕು ಬರೆದಿದೆ. ನೂರರಿಂದ ಒಂದು ತಂದು ಹತ್ತರ ಸ್ಥಾನದಲ್ಲಿ 10 ಮಾಡಿದೆ. ಆದರೆ ಆ ಹತ್ತರಲ್ಲಿ ಒಂದು ಬಿಡಿಗೆ ಹೋಗಿದೆ, ಅಲ್ಲಿ ಉಳಿದಿರುವುದು 9 ಎಂಬುದನ್ನು ಮರೆತಿದೆ. ಹತ್ತರಲ್ಲಿ ಏಳು ಹೋದರೆ ಮೂರು. ಒಂದೇ ಒಂದು ಹೆಜ್ಜೆ ತಪ್ಪಿದೆ ಅಷ್ಟೆ.

ಇಬ್ಬರಿಗೂ ‘ಇನ್ನೊಂದು ಸಲ ಹೇಳಿಕೊಡುವುದು’ ಮದ್ದಲ್ಲ. 376ರ ಮಗುವಿಗೆ ಕಡ್ಡಿಕಟ್ಟು ಬೇಕು: ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡು, ಹತ್ತು ಕಟ್ಟಿಗೆ ಒಂದು ದೊಡ್ಡ ಕಟ್ಟು. ಕಟ್ಟು ಬಿಚ್ಚದೆ ಎಂಟು ಕಡ್ಡಿ ಕೊಡಲು ಆಗುವುದಿಲ್ಲ ಅನ್ನುವುದು ಅದರ ಕೈಗೆ ಗೊತ್ತಾಗಬೇಕು. 234ರ ಮಗುವಿಗೆ ಕಡ್ಡಿ ಬೇಡ, ನೋಟು ಸಾಕು. ಕಾಗದದಲ್ಲಿ ಕತ್ತರಿಸಿದ ನೂರರ ನಾಲ್ಕು ನೋಟು, ಒಂದು ರೂಪಾಯಿಯ ಎರಡು ಬಿಲ್ಲೆ. ಅಂಗಡಿಯಲ್ಲಿ 178 ಕೊಡಬೇಕು. ನೂರರ ಒಂದು ನೋಟು ಮುರಿಸಿದರೆ ಹತ್ತರ ಹತ್ತು ನೋಟು. ಅದರಲ್ಲಿ ಒಂದನ್ನು ಮತ್ತೆ ಮುರಿಸಿದರೆ ಹತ್ತು ಬಿಲ್ಲೆ. ಈಗ ಕೈಯಲ್ಲಿರುವುದು ನೂರರದು ಮೂರು, ಹತ್ತರದು ಒಂಬತ್ತು, ಬಿಲ್ಲೆ ಹನ್ನೆರಡು. ಒಂಬತ್ತು ಎಲ್ಲಿಂದ ಬಂತು ಎಂದು ಯಾರೂ ಹೇಳಿಕೊಡಬೇಕಿಲ್ಲ, ಎಣಿಸಿದರೆ ಕಾಣುತ್ತದೆ.

ಇಲ್ಲಿ ಒಂದು ಅಡ್ಡ ಮಾತು. ನಮ್ಮ ಗಣಿತದಲ್ಲಿ ಇದಕ್ಕೆ ‘ಸಾಲ ತಗೊಳ್ಳೋದು’ ಅನ್ನುತ್ತೇವೆ. ಅವತ್ತೇ ಆ ತರಗತಿಯಲ್ಲಿ ಒಬ್ಬ ಹುಡುಗ ಎದ್ದು ನಿಂತು ಕೇಳಿದ: ‘ಸಾಲ ಈಸ್ಕಂಡ್ಮ್ಯಾಕೆ ವಾಪಸ್ ಯಾವಾಗ್ ಕೊಡದು ಸಾ?’ ತರಗತಿ ನಕ್ಕಿತು. ಮೇಷ್ಟ್ರು ಸ್ವಲ್ಪ ಗಲಿಬಿಲಿಗೊಂಡು ‘ಇದು ವಾಪಸ್ ಕೊಡೋ ಸಾಲ ಅಲ್ಲ ಕಣ್ಲಾ’ ಅಂದರು. ಸೊಸೈಟಿ ಸಾಲ, ಕೈಸಾಲ, ಚಿನ್ನದ ಮೇಲಿನ ಸಾಲ ಎಲ್ಲ ಮನೆಯಲ್ಲಿ ಕೇಳುತ್ತಲೇ ಬೆಳೆದ ಮಕ್ಕಳಿಗೆ ವಾಪಸ್ ಕೊಡದ ಸಾಲ ಅಂದರೆ ಎಂಥದ್ದು? ಹುಡುಗನ ಪ್ರಶ್ನೆ ತುಂಟತನದ್ದಲ್ಲ, ಪದವೇ ತಪ್ಪು. ಇಲ್ಲಿ ನಡೆಯುವುದು ಸಾಲವಲ್ಲ, ಚಿಲ್ಲರೆ ಮಾಡಿಸುವುದು. ಹೆಡ್ ಮೇಡಂ ತಮ್ಮ ಪುಸ್ತಕದಲ್ಲಿ ಬರೆದುಕೊಂಡದ್ದು ಅದೊಂದನ್ನೇ: ‘ಸಾಲ ಅನ್ನಬೇಡ, ಚಿಲ್ಲರೆ ಅನ್ನು.’ ಮಾರನೇ ದಿನ ಅದೇ ಮೇಷ್ಟ್ರು 503–267 ಕೊಟ್ಟರು. 364 ಅಂದರೆ ಹಳೇ ಮೊದಲ ಕಾಯಿಲೆ, 246 ಅಂದರೆ ಎರಡನೆಯದು ಎಂದು ಮೊದಲೇ ಲೆಕ್ಕ ಹಾಕಿಟ್ಟುಕೊಂಡಿದ್ದರು. ಪ್ರಶ್ನೆ ಆರಿಸುವಾಗಲೇ ಬರಬಹುದಾದ ತಪ್ಪು ಉತ್ತರಗಳನ್ನು ಬರೆದಿಟ್ಟುಕೊಂಡರೆ, ಸ್ಲೇಟು ಎತ್ತಿದ ಹದಿನೈದು ಸೆಕೆಂಡಿನಲ್ಲಿ ಯಾರನ್ನು ಯಾವ ಗುಂಪಿಗೆ ಕೂರಿಸಬೇಕು ಎಂಬುದು ನಿರ್ಧಾರವಾಗಿಬಿಡುತ್ತದೆ.

ಸ್ಲೇಟು ಎತ್ತಿಸುವುದು ಹೊಸದೇನಲ್ಲ. ಆದರೆ ಬಹಳ ಕಡೆ ಕೆಡುತ್ತದೆ, ಕೆಡುವ ಕಾರಣಗಳೂ ಎಲ್ಲ ಕಡೆ ಒಂದೇ. ಬೋರಲು ಹಾಕಿಸದೆ ಇದ್ದರೆ ಮೊದಲು ಬರೆದವನು ಮೊದಲು ಎತ್ತುತ್ತಾನೆ. ತರಗತಿಗೆ ಅವನು ಜಾಣ ಎಂದು ಗೊತ್ತಿರುವುದರಿಂದ ಮಿಕ್ಕವರೆಲ್ಲ ಅಳಿಸಿ ಅವನದ್ದನ್ನೇ ಬರೆಯುತ್ತಾರೆ. ಮೇಷ್ಟ್ರು ಮೊದಲ ಸರಿಯುತ್ತರ ಕಂಡ ತಕ್ಷಣ ‘ವೆರಿ ಗುಡ್’ ಅಂದರೆ ಉಳಿದ ಸ್ಲೇಟುಗಳು ಸರ್ರನೆ ಕೆಳಗಿಳಿಯುತ್ತವೆ. ಆದ್ದರಿಂದ ಎಲ್ಲವನ್ನೂ ನೋಡಿ ಮುಗಿಯುವ ತನಕ ಮುಖದಲ್ಲಿ ಏನೂ ತೋರಿಸಬಾರದು. ತಪ್ಪು ಉತ್ತರವನ್ನು ಹೆಸರು ಹೇಳದೆ ಬೋರ್ಡಿನ ಮೇಲೆ ಬರೆದು ‘ಈ ಉತ್ತರ ಬರಬೇಕಾದ್ರೆ ಏನು ಮಾಡಿರಬೇಕು?’ ಎಂದು ಕೇಳಬೇಕು. ಆಗ 376 ಬರೆದವರೇ ಕೈ ಎತ್ತುತ್ತಾರೆ. ಸ್ಲೇಟು ಇಲ್ಲವೆಂದರೆ ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆಯೂ ನಡೆಯುತ್ತದೆ. ಅವಧಿಗೆ ಎರಡು ಸಲ ಮಾಡಿದರೆ ಸಾಕು, ಐದಾರು ನಿಮಿಷದ ಖರ್ಚು. ಹತ್ತು ಸಲ ಮಾಡಿದರೆ ಅದೂ ಒಂದು ಭಜನೆ.

ಕಾಯುವುದು

ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ ವಿಜ್ಞಾನ ತರಗತಿಗಳ ಧ್ವನಿಮುದ್ರಣ ಕೇಳಿಸಿಕೊಂಡು, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕೆ ಕಾಯುವುದು ಸರಾಸರಿ ಒಂದು ಸೆಕೆಂಡು ಎಂದು 1970ರ ದಶಕದಲ್ಲಿ ಬರೆದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದವರೂ ಬಾಯಿ ಬಿಟ್ಟರು. ಓದಲು ಸುಲಭ. ನಿಂತು ನೋಡಿದವರಿಗೆ ಗೊತ್ತು, ಮೂರು ಸೆಕೆಂಡಿನ ಮೌನ ತರಗತಿಯಲ್ಲಿ ಎಷ್ಟು ಉದ್ದ ಎಂದು. ಕೈ ಕೈ ಹಿಸುಕಿಕೊಳ್ಳುವ ಹಾಗಾಗುತ್ತದೆ. ಮನಸ್ಸಿನಲ್ಲೇ ‘ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ’ ಎಂದು ನಿಧಾನವಾಗಿ ಹೇಳಿಕೊಂಡರೆ ಸರಿಯಾಗಿ ಮೂರು ಸೆಕೆಂಡು. ಅಷ್ಟರೊಳಗೆ ಹೆಸರು ಕರೆಯಬಾರದು.

ಹೆಸರು ಯಾವಾಗ ಕರೆಯಬೇಕು ಅನ್ನುವುದೂ ಸಣ್ಣ ವಿಷಯವಲ್ಲ. ‘ನೀನು ಹೇಳವ್ವ, ದ್ಯುತಿಸಂಶ್ಲೇಷಣೆಗೆ ಏನೇನು ಬೇಕು?’ ಅಂದರೆ ಮೊದಲ ಪದಕ್ಕೇ ಉಳಿದ ಇಪ್ಪತ್ತೇಳು ಮಕ್ಕಳು ನಿಟ್ಟುಸಿರು ಬಿಟ್ಟು ಕಿಟಕಿ ನೋಡುತ್ತಾರೆ. ಮೊದಲು ಪ್ರಶ್ನೆ, ಆಮೇಲೆ ಮೌನ, ಆಮೇಲೆ ಹೆಸರು. ಈ ಅನುಕ್ರಮ ತಲೆಕೆಳಗಾದರೆ ಕಾದದ್ದು ವ್ಯರ್ಥ. ಹೆಸರನ್ನು ಮೇಷ್ಟ್ರ ಕಣ್ಣು ಆರಿಸಬಾರದು, ಡಬ್ಬಿ ಆರಿಸಲಿ. ಐಸ್‌ಕ್ರೀಂ ಕಡ್ಡಿಯ ಮೇಲೆ ಒಬ್ಬೊಬ್ಬರ ಹೆಸರು ಬರೆದು ಒಂದು ಡಬ್ಬಿಗೆ ಹಾಕಿಟ್ಟರೆ ಆಯಿತು. ಆದರೆ ಎತ್ತಿದ ಕಡ್ಡಿಯನ್ನು ವಾಪಸ್ ಅದೇ ಡಬ್ಬಿಗೆ ಹಾಕಬೇಕು. ಬೇರೆ ಡಬ್ಬಿಗೆ ಹಾಕಿದರೆ ‘ನನ್ನ ಸರದಿ ಮುಗೀತು’ ಎಂದು ಮಗು ಅಂಗಡಿ ಮುಚ್ಚುತ್ತದೆ. ‘ಗೊತ್ತಿಲ್ಲ ಸಾ’ ಅಂದ ಮಗುವನ್ನು ಅಲ್ಲಿಗೇ ಬಿಡಬಾರದು, ನಿಲ್ಲಿಸಿ ಕಾಡಲೂ ಬಾರದು. ಇನ್ನಿಬ್ಬರನ್ನು ಕೇಳಿ, ಮತ್ತೆ ಅವಳ ಹತ್ತಿರ ಬಂದು ‘ಈಗ ಇಬ್ರು ಹೇಳಿದ್ರಲ್ಲ, ಅದರಲ್ಲಿ ನಿನಗೆ ಯಾವುದು ಸರಿ ಅನ್ಸುತ್ತೆ?’ ಎಂದು ಕೇಳಬೇಕು. ಮೊದಮೊದಲು ಸುಮ್ಮನೆ ಒಂದನ್ನು ಆರಿಸುತ್ತಾಳೆ. ವಾರ ಹದಿನೈದು ದಿನ ಕಳೆದ ಮೇಲೆ ಯಾಕೆ ಅನ್ನುವುದನ್ನೂ ಹೇಳುತ್ತಾಳೆ.

ಹಿಂದಿನ ಗೋಡೆಯ ಕುರ್ಚಿ

ಈಗ ಹೆಡ್ ಮೇಡಂ ವಿಷಯ. ಅವರು ಆ ಕುರ್ಚಿಯಲ್ಲಿ ಕೂತು ಬೇರೇನು ಮಾಡುತ್ತಿದ್ದರು? ಒಂದು ಹಾಳೆಯಲ್ಲಿ ತರಗತಿಯ ನಕ್ಷೆ ಹಾಕಿಕೊಂಡಿದ್ದರು. ಮಗು ಕೂತ ಜಾಗಕ್ಕೊಂದು ಚೌಕ. ಮೇಷ್ಟ್ರ ಪ್ರಶ್ನೆ ಯಾವ ಮಗುವಿಗೆ ಹೋಯಿತೋ ಆ ಚೌಕದಲ್ಲಿ ಒಂದು ಗೀಟು. ಮಗು ತಾನಾಗಿ ಪ್ರಶ್ನೆ ಕೇಳಿದರೆ ಒಂದು ಸೊನ್ನೆ. ಇಪ್ಪತ್ತು ನಿಮಿಷ, ಅಷ್ಟೆ. ಆ ಹಾಳೆಯಲ್ಲಿ ಪಾಠದ ಬಗ್ಗೆ ಒಂದಕ್ಷರ ಬರೆಯಲಿಲ್ಲ. ಕೊನೆಗೆ ನೋಡಿದರೆ ಮುಂದಿನ ಸಾಲು, ಮಧ್ಯದ ಓಣಿ ಗೀಟುಗಳಿಂದ ತುಂಬಿದೆ. ಹಿಂದಿನ ಎರಡು ಮೂಲೆ ಬೆಳ್ಳಗಿದೆ. ಇಡೀ ಹಾಳೆಯಲ್ಲಿ ಸೊನ್ನೆ ಇದ್ದದ್ದು ಒಂದೇ, ಆ ಸಾಲದ ಹುಡುಗನದು.

ನಮ್ಮ ಶಾಲೆಗಳಲ್ಲಿ ಪಾಠ ವೀಕ್ಷಣೆಗೆ ಒಂದು ವಹಿ ಇರುತ್ತದೆ. ತೆಗೆದು ನೋಡಿದರೆ ಪುಟಗಟ್ಟಲೆ ‘ಪಾಠ ಚೆನ್ನಾಗಿತ್ತು, ಬೋಧನೋಪಕರಣ ಬಳಸಿದ್ದಾರೆ, ಮಕ್ಕಳ ಪಾಲ್ಗೊಳ್ಳುವಿಕೆ ಇತ್ತು, ಇನ್ನೂ ಸುಧಾರಿಸಬಹುದು’. ದಿನಾಂಕ ಬದಲಿಸಿದರೆ ಯಾವ ಶಾಲೆಗೂ ಹೊಂದುತ್ತದೆ. ಅದನ್ನು ಓದಿದ ಮೇಷ್ಟ್ರಿಗೆ ನಾಳೆ ಬೆಳಗ್ಗೆ ಏನು ಬೇರೆ ಮಾಡಬೇಕು ಎಂದು ತಿಳಿಯುವುದಿಲ್ಲ. ಗೀಟು ಹಾಕಿದ ನಕ್ಷೆಗೆ ಅಭಿಪ್ರಾಯವಿಲ್ಲ, ಆದ್ದರಿಂದ ಜಗಳವೂ ಇಲ್ಲ. ಮಧ್ಯಾಹ್ನ ಊಟ ಬಡಿಸಿದ ಮೇಲೆ ಮೇಡಂ ಆ ಹಾಳೆಯನ್ನು ಮೇಷ್ಟ್ರ ಮುಂದಿಟ್ಟು ಕೇಳಿದ್ದು ಇಷ್ಟೇ: ‘ಏನ್ ಸಾರ್, ನಿಮ್ಗೇನ್ ಕಾಣಿಸ್ತಿದೆ ಇದ್ರಲ್ಲಿ?’ ಮೇಷ್ಟ್ರು ಎರಡು ನಿಮಿಷ ನೋಡಿ ಹಿಂದಿನ ಎಡ ಮೂಲೆಗೆ ಬೆರಳಿಟ್ಟರು. ‘ಇವರನ್ನ ನಾನು ಕೇಳೇ ಇಲ್ಲ ಮೇಡಂ.’

ಈ ಮಾತುಕತೆಗೆ ಕೆಲವು ಕಟ್ಟುಪಾಡುಗಳಿವೆ, ಮುರಿದರೆ ಕೆಲಸ ಕೆಡುತ್ತದೆ. ಅವತ್ತೇ ಆಗಬೇಕು, ಮರುದಿನಕ್ಕೆ ಇಬ್ಬರಿಗೂ ಮರೆತಿರುತ್ತದೆ. ಸ್ಟಾಫ್‌ರೂಮಿನಲ್ಲಿ ನಾಲ್ಕು ಜನರ ಎದುರು ಆಗಬಾರದು. ಮೇಷ್ಟ್ರೇ ಮೊದಲು ಮಾತಾಡಬೇಕು. ಬದಲಿಸಬೇಕಾದದ್ದು ಒಂದೇ ಒಂದು ಇರಬೇಕು. ಆರು ಸಲಹೆ ಕೊಟ್ಟರೆ ಮೇಷ್ಟ್ರು ಆರಕ್ಕೂ ‘ಆಯ್ತು ಮೇಡಂ’ ಅನ್ನುತ್ತಾರೆ. ಆ ರಾಗ ಯಾವುದೆಂದು ಮೇಲೆ ಹೇಳಿದ್ದೇನೆ. ಎಲ್ಲಕ್ಕಿಂತ ಮುಖ್ಯವಾದದ್ದು ಈ ಸರಣಿ ಶುರುವಾಗುವುದು ಹೆಡ್‌ಮಾಸ್ಟರ ತರಗತಿಯಿಂದ. ಮೊದಲ ನಕ್ಷೆ ಅವರದ್ದೇ ಆಗಬೇಕು, ಗೀಟು ಹಾಕುವವರು ಕಿರಿಯ ಶಿಕ್ಷಕರಾಗಬೇಕು. ‘ಇನ್‌ಸ್ಪೆಕ್ಷನ್’ ಎಂಬ ಪದ ನಮ್ಮ ಶಿಕ್ಷಕರ ಮೈಯಲ್ಲಿ ಎಷ್ಟು ಹೊಕ್ಕಿದೆಯೆಂದರೆ ಹಿಂದೆ ಕುರ್ಚಿ ಹಾಕಿದ ತಕ್ಷಣ ದನಿ ಬದಲಾಗುತ್ತದೆ, ಚಾರ್ಟು ಹೊರಬರುತ್ತದೆ. ಅದು ಹೋಗಬೇಕಾದರೆ ಹೆಡ್‌ಮಾಸ್ಟರೇ ಮೊದಲು ತಮ್ಮ ಬೆಳ್ಳನೆಯ ಮೂಲೆಗಳನ್ನು ತೋರಿಸಬೇಕು. ನ್ಯೂಜಿಲೆಂಡಿನ ವಿವಿಯನ್ ರಾಬಿನ್ಸನ್ ಮತ್ತು ಸಂಗಡಿಗರು 2008ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮುಖ್ಯಸ್ಥರ ಕೆಲಸಗಳಲ್ಲಿ ಮಕ್ಕಳ ಕಲಿಕೆಗೆ ಹೆಚ್ಚು ತಟ್ಟಿದ್ದು ಗುರಿ ಹೇಳುವುದಲ್ಲ, ಸಂಪನ್ಮೂಲ ತರುವುದೂ ಅಲ್ಲ. ಶಿಕ್ಷಕರು ಕಲಿಯುವಾಗ ತಾವೂ ಅವರ ಜೊತೆ ಕೂತು ಕಲಿಯುವುದು. ಮೈಸೂರಿನ ವಸಂತಮಹಲಿನ ಡಯಟ್‌ಗೆ (ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆಗೆ) ಶಿಕ್ಷಕರನ್ನು ತರಬೇತಿಗೆ ಕಳಿಸಿ, ಓಓಡಿ (ಕರ್ತವ್ಯದ ಮೇಲೆ ಹೊರಗಿದ್ದಾರೆ ಎಂಬ) ಪತ್ರಕ್ಕೆ ಸಹಿ ಹಾಕಿ ಕೂರುವ ಮುಖ್ಯ ಶಿಕ್ಷಕರಿಗೂ, ಬಂದವರನ್ನು ‘ಏನು ಹೇಳಿಕೊಟ್ರು, ನಾಳೆ ನನ್ನ ಏಳನೇ ಕ್ಲಾಸಲ್ಲಿ ಮಾಡಿ ತೋರಿಸಿ’ ಎಂದು ಕೇಳುವವರಿಗೂ ಇರುವ ಅಂತರ ಇದು.

ಗಂಟೆ ಯಾರದು

ಹೀಗೆ ಕೂರಲು ಅವರಿಗೆ ಹೊತ್ತೆಲ್ಲಿದೆ ಅನ್ನುವ ಪ್ರಶ್ನೆ ನ್ಯಾಯವಾದದ್ದು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರತ್ಯೇಕ ಮುಖ್ಯ ಶಿಕ್ಷಕರು ಸಿಗುವುದು ಐದನೇ ತರಗತಿವರೆಗಿನ ವಿಭಾಗದಲ್ಲಿ ಮಕ್ಕಳು 150 ದಾಟಿದರೆ, ಆರರಿಂದ ಎಂಟರಲ್ಲಿ 100 ದಾಟಿದರೆ. ಹಳ್ಳಿ ಶಾಲೆಗಳಲ್ಲಿ ಆ ಸಂಖ್ಯೆ ಎಲ್ಲಿದೆ? ಆದ್ದರಿಂದ ಸೀನಿಯರ್ ಒಬ್ಬರು ‘ಇನ್‌ಚಾರ್ಜ್’. ಅವರಿಗೆ ತಮ್ಮ ಪಾಠವೂ ಇದೆ, ಮೊಟ್ಟೆ ಲೆಕ್ಕವೂ ಇದೆ. 2024ರಿಂದ ವಾರದಲ್ಲಿ ಆರು ದಿನ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಒಂದು ಮಗುವಿಗೆ 18 ಗ್ರಾಂ ಪುಡಿಯ 150 ಮಿಲಿಲೀಟರ್ ಹಾಲು. ಗ್ಯಾಸ್ ಸಿಲಿಂಡರು, ಅಡುಗೆಯವರ ರಜೆ, ಸ್ಯಾಟ್ಸ್ (ಮಕ್ಕಳ ದಾಖಲೆಯ ಆನ್‌ಲೈನ್ ವ್ಯವಸ್ಥೆ) ಎಂಟ್ರಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ, ‘ತುರ್ತು, ಇಂದೇ ಸಲ್ಲಿಸುವುದು’ ಎಂದು ವಾಟ್ಸ್ಯಾಪಿನಲ್ಲಿ ಬರುವ ನಮೂನೆಗಳು. ಇವುಗಳಲ್ಲಿ ಊಟವನ್ನು ‘ಹೊರೆ’ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಹಸಿದ ಮಗು ಮೂರು ಸೆಕೆಂಡು ಯೋಚಿಸುವುದಿಲ್ಲ. ಆದರೆ ಹಾಲು ಯಾವ ಹೊತ್ತಿಗೆ ಕೊಡುತ್ತಾರೆ ಅನ್ನುವುದು ಹೆಡ್‌ಮಾಸ್ಟರ ಕೈಯಲ್ಲಿದೆ, ಅಲ್ಲಿ ಅವರ ನಿಜವಾದ ಅಧಿಕಾರ ಇದೆ.

ಲೆಕ್ಕ ಹಾಕಿ ನೋಡಿ. ಪ್ರಾರ್ಥನೆ, ದಿನದ ಸುದ್ದಿ, ಸುಭಾಷಿತ, ಆಮೇಲೆ ಹೆಡ್‌ಮಾಸ್ಟರ ಪ್ರಕಟಣೆ, ಆಮೇಲೆ ಪಿಇ ಮೇಷ್ಟ್ರ ಉಗುರು ತಪಾಸಣೆ ಎಂದು ಮೊದಲ ಅವಧಿ ದಿನಾ 15 ನಿಮಿಷ ತಡವಾಗಿ ಶುರುವಾದರೆ 220 ದಿನಕ್ಕೆ 3,300 ನಿಮಿಷ. ನಲವತ್ತು ನಿಮಿಷದಂತೆ 82 ಅವಧಿ. ದಿನಕ್ಕೆ ಎಂಟು ಅವಧಿ ಎಂದರೂ ಹತ್ತು ದಿನದ ಶಾಲೆ ಬಿಸಿಲಲ್ಲಿ ನಿಂತೇ ಕಳೆಯಿತು. ಇನ್ನೂ ಕೆಟ್ಟದ್ದೆಂದರೆ ಆ 82 ಅವಧಿ ಎಲ್ಲ ವಿಷಯಕ್ಕೂ ಸಮನಾಗಿ ಹಂಚಿಹೋಗುವುದಿಲ್ಲ. ಬೆಳಗಿನ ತಾಜಾ ಹೊತ್ತಿಗೆ ಎಂದು ಗಣಿತವನ್ನೋ ಓದುವುದನ್ನೋ ಮೊದಲ ಅವಧಿಗೆ ಹಾಕಿರುತ್ತಾರೆ, ಹಾಗಾಗಿ ತಿನ್ನಿಸಿಕೊಳ್ಳುವುದು ಅದೊಂದೇ. ಇದಕ್ಕೆ ಸುತ್ತೋಲೆ ಬೇಕಿಲ್ಲ. ಪ್ರಕಟಣೆಗಳನ್ನು ಮಧ್ಯಾಹ್ನ ಊಟದ ಸಾಲಿಗೆ ಸರಿಸಬಹುದು. ಹಾಲನ್ನು ತರಗತಿಯ ಬಾಗಿಲಿಗೇ ತಂದು, ಲೋಟ ತೊಳೆಯಲು ಒಂದೊಂದು ಸಾಲನ್ನಷ್ಟೇ ನಲ್ಲಿಗೆ ಬಿಡಬಹುದು. ಯಾವ ಮೇಷ್ಟ್ರನ್ನೂ ಅವಧಿಯ ಮಧ್ಯೆ ಆಫೀಸಿಗೆ ಕರೆಯುವುದಿಲ್ಲ ಎಂದು ಹೆಡ್‌ಮಾಸ್ಟರು ತಾವೇ ಒಂದು ನೇಮ ಇಟ್ಟುಕೊಳ್ಳಬಹುದು. ‘ಸಾರ್, ಹೆಡ್‌ಮಾಸ್ಟ್ರು ಕರೀತವ್ರೆ’ ಎಂದು ಏಳನೇ ತರಗತಿ ಹುಡುಗ ಬಾಗಿಲಲ್ಲಿ ಬಂದು ನಿಂತರೆ ಆ ಹೊತ್ತಿಗೆ ತೆರೆದುಕೊಂಡಿದ್ದ ಇಪ್ಪತ್ತೆಂಟು ತಲೆಗಳನ್ನು ಮತ್ತೆ ಕೂಡಿಸಲು ಹತ್ತು ನಿಮಿಷ ಬೇಕು.

ಹೆಗ್ಗಡದೇವನಕೋಟೆಯಿಂದ ನಾಲ್ಕನೇ ತರಗತಿಗೆ

ಭಜನೆ ಹುಟ್ಟಲು ಸಾಧ್ಯವೇ ಇಲ್ಲದ ಒಂದು ವ್ಯವಸ್ಥೆ ಮೈಸೂರು ಜಿಲ್ಲೆಯಲ್ಲೇ ಶುರುವಾಗಿತ್ತು ಎಂಬುದು ಇಲ್ಲಿ ನೆನಪಾಗಬೇಕು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿಬಂದು, ಯುನಿಸೆಫ್ ಬೆಂಬಲದಲ್ಲಿ ತಾವೇ ಕೂತು ಕಾರ್ಡು ಬರೆದು ಕಟ್ಟಿದ್ದು ನಲಿ-ಕಲಿ. ಅದು 2009-10ರ ಹೊತ್ತಿಗೆ ರಾಜ್ಯಕ್ಕೆಲ್ಲ ಹರಡಿತು. ಅದರಲ್ಲಿ ‘ಅ ಆ ಇ ಈ’ ಸಾಲಿಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಐದೇ ಅಕ್ಷರಕ್ಕೆ ಸರ, ಗರಗಸ, ಅಗಸ, ಅರಸ ಎಲ್ಲ ಓದಲು ಬಂದುಬಿಡುತ್ತವೆ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ, ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ನೋಡಿ ತನ್ನ ಕಾರ್ಡು ತೆಗೆದುಕೊಂಡು ತನ್ನ ತಟ್ಟೆಯ (ಗುಂಪಾಗಿ ಕೂರುವ ಜಾಗಕ್ಕೆ ಅಲ್ಲಿನ ಹೆಸರು) ಗುಂಪಿಗೆ ಹೋಗುತ್ತದೆ. ತಲೆಯ ಮೇಲೆ ದಾರದ ಚಪ್ಪರ, ಅದರಲ್ಲಿ ಅವರದ್ದೇ ಚಿತ್ರ. ಒಬ್ಬೊಬ್ಬರು ಒಂದೊಂದು ಮೆಟ್ಟಿಲಲ್ಲಿರುವಾಗ ‘ಎಲ್ಲರಿಗೂ ಅರ್ಥ ಆಯ್ತಾ?’ ಎಂದು ಕೇಳುವುದಕ್ಕೆ ಅರ್ಥವೇ ಇರುವುದಿಲ್ಲ.

ಅದೂ ಕೆಡುತ್ತದೆ. ಶಿಕ್ಷಕರು ಕೂತು ಕಲಿಸಬೇಕಾದ ತಟ್ಟೆಯಲ್ಲಿ ಐದಾರು ಮಕ್ಕಳಿದ್ದರೆ ಚಂದ. ಹದಿನೈದು ಜನ ಸೇರಿದರೆ ಅಲ್ಲೇ ಒಂದು ಪುಟ್ಟ ಭಜನಾ ಮಂಡಳಿ. ಎಲ್ಲ ತಟ್ಟೆಗೂ ಸುತ್ತು ಹೊಡೆಯುವ ಮೇಡಂ ಯಾವ ತಟ್ಟೆಯಲ್ಲೂ ಕೂರುವುದಿಲ್ಲ. ಹರಿದ ಕಾರ್ಡು ಹೊಸದಾಗದೆ ಇದ್ದರೆ ಮಕ್ಕಳು ಆ ಮೆಟ್ಟಿಲನ್ನೇ ಹಾರುತ್ತಾರೆ. ಪ್ರಗತಿಯ ಗುರುತನ್ನು ಆಗಿನದನ್ನು ಆಗಲೇ ಹಾಕದೆ ಸಂಜೆ ನಾಲ್ಕಕ್ಕೆ ನೆನಪಿನಿಂದ ಹಾಕಿದರೆ ಏಣಿ ಬರೀ ಗೋಡೆಯ ಅಲಂಕಾರ. ಈ ನಾಲ್ಕೂ ಹೆಡ್‌ಮಾಸ್ಟರ ಕಣ್ಣಿಗೆ ಹತ್ತು ನಿಮಿಷದಲ್ಲಿ ಕಾಣುವಂಥವು, ಆ ಕೋಣೆಗೆ ಹೋದರೆ. ನಮ್ಮ ಹೆಡ್‌ಮಾಸ್ಟರುಗಳು ಏಳನೇ ತರಗತಿ, ಹತ್ತನೇ ತರಗತಿಯ ಕೋಣೆಗೆ ಹೋದಷ್ಟು ನಲಿ-ಕಲಿ ಕೋಣೆಗೆ ಹೋಗುವುದಿಲ್ಲ. ಇನ್ನು ನಾಲ್ಕನೇ ತರಗತಿಯ ಮೊದಲ ದಿನ ಆ ಮಗು ಬೆಂಚಿನ ಸಾಲಿಗೆ ಬಂದು ಕೂರುತ್ತದೆ, ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪುಟ. ಮೂರನೇ ತರಗತಿಯ ಮೇಡಂ ಹತ್ತಿರ ಯಾರು ಯಾವ ಮೆಟ್ಟಿಲಲ್ಲಿ ಉಳಿದರು ಎಂಬ ಪೂರಾ ಲೆಕ್ಕ ಇದೆ. ಅದು ಪಕ್ಕದ ಕೋಣೆಗೆ ದಾಟುವುದಿಲ್ಲ. ಜೂನ್ ಮೊದಲ ವಾರ ಈ ಇಬ್ಬರನ್ನು ಅರ್ಧ ಗಂಟೆ ಎದುರುಬದುರು ಕೂರಿಸುವ ಕೆಲಸ ಹೆಡ್‌ಮಾಸ್ಟರದ್ದು, ಬೇರೆ ಯಾರೂ ಮಾಡಲಾರರು.

ನೋಟ್‌ಬುಕ್ ತಿದ್ದುವುದರ ಬಗ್ಗೆ ಒಂದೇ ಮಾತು. ನಲವತ್ತು ಪುಸ್ತಕ, ಒಂದಕ್ಕೆ ಎರಡು ನಿಮಿಷ ಅಂದರೂ 80 ನಿಮಿಷ. ದಿನಾ ಆಗದ ಕೆಲಸ, ಹಾಗಾಗಿ ಕೆಂಪು ರೈಟು, ‘ನೋಡಿದೆ’, ಸಹಿ. ಅದರ ಬದಲು ದಿನಕ್ಕೆ ಎಂಟು ಪುಸ್ತಕ ನಿಜವಾಗಿ ಓದಿ, ಒಂದು ತಪ್ಪಿನ ಬಗ್ಗೆ ಒಂದು ಸಾಲು ಬರೆದರೆ ಐದು ದಿನಕ್ಕೆ ತರಗತಿ ಮುಗಿಯುತ್ತದೆ. ಅಂಕ ಬೇಡ. ರೂತ್ ಬಟ್ಲರ್ 1988ರಲ್ಲಿ ಇಸ್ರೇಲಿನ ಮಕ್ಕಳ ಮೇಲೆ ಮಾಡಿದ ಅಧ್ಯಯನದಲ್ಲಿ, ಬರೀ ಟಿಪ್ಪಣಿ ಪಡೆದವರು ಸುಧಾರಿಸಿದರು. ಟಿಪ್ಪಣಿಯ ಜೊತೆ ಅಂಕವನ್ನೂ ಪಡೆದವರು ಬರೀ ಅಂಕ ಪಡೆದವರ ಹಾಗೇ ಉಳಿದರು. ಅಂಕ ಕಂಡ ಮಗು ಪಕ್ಕದವನ ಅಂಕ ನೋಡಲು ತಿರುಗುತ್ತದೆ, ಟಿಪ್ಪಣಿ ಓದುವುದಿಲ್ಲ. ನಮ್ಮ ಮಕ್ಕಳೂ ಅಷ್ಟೆ. ಆದರೆ ಎಲ್ಲ ಪುಟದಲ್ಲೂ ಕೆಂಪು ಇಂಕು ಹುಡುಕುವ ಅಧಿಕಾರಿ ಬಂದಾಗ ‘ಇದು ನಾನು ಹೇಳಿದ್ದು’ ಎಂದು ಮುಂದೆ ನಿಲ್ಲುವ ಹೆಡ್‌ಮಾಸ್ಟರು ಇದ್ದರೆ ಮಾತ್ರ ಒಬ್ಬ ಮೇಷ್ಟ್ರು ಇದಕ್ಕೆ ಕೈ ಹಾಕುತ್ತಾರೆ.

ಪಾಸಿಂಗ್ ಪ್ಯಾಕೇಜು

ಇಷ್ಟೆಲ್ಲ ಆಗದೆ ಹೋದರೆ ಅದು ಹತ್ತನೇ ತರಗತಿಯಲ್ಲಿ ಬಂದು ನಿಲ್ಲುತ್ತದೆ. 2023ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಮಂಡ್ಯ ರಾಜ್ಯಕ್ಕೆ ಎರಡನೆಯದು, ಶೇ 96.74. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಇಡೀ ರಾಜ್ಯದ ಫಲಿತಾಂಶ ಶೇ 83.89ರಿಂದ, ಕೃಪಾಂಕ ಕೊಟ್ಟ ಮೇಲೂ, ಶೇ 73.40ಕ್ಕೆ ಇಳಿಯಿತು. ಯಾವ ಅಂಕಿ ಎಷ್ಟು ನಿಜ ಎಂಬ ಚರ್ಚೆ ಟೀ ಅಂಗಡಿಗಳಲ್ಲಿ ಆಗಿ ಮುಗಿದಿದೆ. ನನಗೆ ಕಾಣುವುದು ಬೇರೆ. ಪ್ರೌಢಶಾಲೆಯ ಹೆಡ್‌ಮಾಸ್ಟರನ್ನು ಅಳೆಯುವುದು ಆ ಒಂದು ಸಂಖ್ಯೆಯಿಂದ. ಆದ್ದರಿಂದ ಜನವರಿ ಬಂತೆಂದರೆ ಫೇಲಾಗಬಹುದಾದ ‘ಸಿ ಗುಂಪಿನ’ ಮಕ್ಕಳನ್ನು ಶಿಕ್ಷಕರಿಗೆ ದತ್ತು ಕೊಡುತ್ತಾರೆ, ಬೆಳಗಿನ ಜಾವ ಫೋನ್ ಮಾಡಿ ಎಬ್ಬಿಸುತ್ತಾರೆ, ‘ಪಾಸಿಂಗ್ ಪ್ಯಾಕೇಜು’ ಕೊಡುತ್ತಾರೆ. ಹೃದಯದ ಚಿತ್ರ, ಭಾರತದ ನಕ್ಷೆ, ಪ್ರಮೇಯ ಒಂದು, ಗ್ರಾಫಿನ ಲೆಕ್ಕ ಒಂದು. ಇದನ್ನು ಹಂಗಿಸುವುದು ಸುಲಭ. ಆದರೆ 402ರಲ್ಲಿ 178 ಕಳೆಯಲು ಬಾರದ ಹದಿನೈದರ ಹುಡುಗಿ ಎದುರು ಕೂತಿರುವಾಗ, ಪರೀಕ್ಷೆಗೆ ಅರವತ್ತು ದಿನ ಉಳಿದಿರುವಾಗ, ಪ್ಯಾಕೇಜು ಬಿಟ್ಟು ಬೇರೇನು ಕೊಡಬೇಕು? ಆ ಮೇಷ್ಟ್ರು ರಾತ್ರಿ ಎಂಟರವರೆಗೆ ಶಾಲೆಯಲ್ಲಿ ಕೂತು ದುಡಿಯುತ್ತಾರೆ, ಅದರಲ್ಲಿ ಕಪಟವಿಲ್ಲ. ಅದೇ ಪ್ರೌಢಶಾಲೆಯವರು ಎಂಟನೇ ತರಗತಿಗೆ ಮಕ್ಕಳು ಬಂದ ಮೊದಲ ವಾರ ನಾಲ್ಕು ಲೆಕ್ಕ, ಒಂದು ಪುಟ ಓದು ಇಟ್ಟು ನೋಡಿ, ಜೂನ್‌ನಿಂದ ಆಗಸ್ಟ್‌ವರೆಗೆ ದಿನಕ್ಕೊಂದು ಅವಧಿ ಚಿಲ್ಲರೆ ಮಾಡಿಸುವುದನ್ನು ಕಲಿಸಿದರೆ, ಎರಡು ವರ್ಷದ ನಂತರ ಅಷ್ಟು ಫೋನ್ ಮಾಡುವ ಅಗತ್ಯ ಬರುವುದಿಲ್ಲ. ಹಾಗೆ ಮಾಡುವ ಶಾಲೆಗಳಿವೆ. ಅವು ಯಾವ ಪಟ್ಟಿಯಲ್ಲೂ ಬರುವುದಿಲ್ಲ, ಯಾಕೆಂದರೆ ಎಂಟನೇ ತರಗತಿಗೆ ರ‍್ಯಾಂಕು ಇಲ್ಲ.

ಚಾರ್ಜ್ ಪಟ್ಟಿ

ಮಳವಳ್ಳಿಯ ಆ ಶಾಲೆಯ ಹೆಡ್ ಮೇಡಂಗೆ ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಬೇರೆ ತಾಲ್ಲೂಕು ಸಿಕ್ಕಿತು. ಶಾಲೆ ಬಿಡುವಾಗ ಒಂದು ಚಾರ್ಜ್ ಪಟ್ಟಿ ಬರೆದು, ಬರುವವರು ಹೋಗುವವರು ಇಬ್ಬರೂ ಸಹಿ ಮಾಡುವುದು ಪದ್ಧತಿ. ಬೀರು ಕೀಲಿ 3, ಹಾಜರಿ ಪುಸ್ತಕ, ದಾಖಲಾತಿ ವಹಿ, ನಗದು ಪುಸ್ತಕ, ಸ್ಯಾಟ್ಸ್ ಪಾಸ್‌ವರ್ಡು, ಸಿಲಿಂಡರು ತುಂಬಿದ್ದು 1 ಖಾಲಿ 1, ಅಕ್ಕಿ ಇಷ್ಟು ಕೆ.ಜಿ., ಹಾಲಿನ ಪುಡಿ ಇಷ್ಟು ಪ್ಯಾಕೆಟ್ಟು, ಲೋಟ ಇಷ್ಟು. ತರಗತಿಗಳಲ್ಲಿ ಏನು ನಡೆಯುತ್ತಿದೆ ಎಂಬುದಕ್ಕೆ ಆ ನಮೂನೆಯಲ್ಲಿ ಕಾಲಂ ಇಲ್ಲ. ಮೇಡಂ ಎಲ್ಲ ತುಂಬಿ ಸಹಿ ಮಾಡಿ, ಕೊನೆಗೆ ಎರಡು ಹಾಳೆಯನ್ನು ಅದಕ್ಕೆ ಪಿನ್ ಹೊಡೆದರು. ಒಂದು ಐದನೇ ತರಗತಿಯ ನಕ್ಷೆ, ಮೂರು ತಿಂಗಳ ನಾಲ್ಕು ದಿನಾಂಕಗಳ ಗೀಟುಗಳು ನಾಲ್ಕು ಬಣ್ಣದಲ್ಲಿ. ಇನ್ನೊಂದರಲ್ಲಿ ಇನ್ನೂ ದೊಡ್ಡದರಿಂದ ಚಿಕ್ಕದನ್ನೇ ಕಳೆಯುತ್ತಿರುವ ನಾಲ್ಕು ಮಕ್ಕಳ ಹೆಸರು. ಹೊಸದಾಗಿ ಬಂದ ಹೆಡ್‌ಮಾಸ್ಟರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇದಕ್ಕೂ ಸಹಿ ಹಾಕ್ಬೇಕಾ ಮೇಡಂ?’ ಎಂದು ಕೇಳಿದರು.

‘ಹಾಕಿ ಸಾರ್,’ ಅಂದರು ಮೇಡಂ. ‘ದಿನಾಂಕಾನೂ ಹಾಕಿ.’